ಕಾಸರಗೋಡಿನ ಮನೆಯಲ್ಲಿ ಒಳ್ಳೆಯ ಸ್ಪೀಕರ್ ಕೂರಿಸುವುದು: ಜಾಗ ಹುಡುಕುವುದರಿಂದ ಮಳೆಗಾಲದ ಆರೈಕೆಯ ತನಕ

ಲಕ್ಷಗಟ್ಟಲೆ ಕೊಟ್ಟು ತಂದ ಸ್ಪೀಕರ್, ಅಂಗಡಿಯಲ್ಲಿ ಕೇಳಿದ ಹಾಗೆ ಮನೆಯಲ್ಲಿ ಕೇಳುವುದಿಲ್ಲ. ಹೆಚ್ಚಿನ ಸಲ ಇದರಲ್ಲಿ ಸ್ಪೀಕರಿನ ತಪ್ಪಿಲ್ಲ. ತೊಂದರೆ ಇರುವುದು ಕೋಣೆಯಲ್ಲಿ. ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಈಗ ಏಳುತ್ತಿರುವ ಮನೆಗಳನ್ನು ನೋಡಿ. ಕೆಂಪುಕಲ್ಲಿನ ಗೋಡೆ, ಅದಕ್ಕೆ ನುಣ್ಣಗಿನ ಸಾರಣೆ, ಪುಟ್ಟಿ, ಪೇಂಟ್. ನೆಲಕ್ಕೆ ಟೈಲ್ಸ್, ಮೇಲೆ ಕಾಂಕ್ರೀಟ್ ಸ್ಲ್ಯಾಬ್. ಆರೂ ಕಡೆ ಗಟ್ಟಿ. ಒಳಗೆ ಹುಟ್ಟಿದ ಸದ್ದು ಹೊರಗೆ ಹೋಗಲಾರದೆ ಅಲ್ಲೇ ಬಡಿದಾಡುತ್ತದೆ.

ಇದನ್ನು ಸರಿಮಾಡಬಹುದು. ಆದರೆ ಕೆಲಸದ ಕ್ರಮ ಮುಖ್ಯ. ಮೊದಲು ಸ್ಪೀಕರಿನ ಜಾಗ, ಆಮೇಲೆ ಅಳತೆ, ಆಮೇಲೆ ಬೇಸ್ (ಅಂದರೆ ಕೆಳಸ್ವರಗಳು), ಆಮೇಲೆ ಗೋಡೆ. ವಯರು, ಸ್ಪೀಕರಿನ ಅಡಿಗೆ ಹಾಕುವ ಮೊನೆಗಾಲುಗಳ (ಸ್ಪೈಕು) ಯೋಚನೆ ಕೊನೆಗೆ ಸಾಕು. ತುಂಬಾ ಜನ ಇದನ್ನು ತಿರುಗಾಮುರುಗಾ ಮಾಡುತ್ತಾರೆ. ದುಬಾರಿ ವಯರು ಮೊದಲು ಬರುತ್ತದೆ, ಸ್ಪೀಕರ್ ಮಾತ್ರ ಟಿವಿ ಸ್ಟ್ಯಾಂಡಿನ ಎರಡು ಬದಿಗೆ ಗೋಡೆಗೆ ಅಂಟಿಕೊಂಡೇ ಇರುತ್ತದೆ.

ಕೋಣೆ ಆರಿಸುವುದು

ಆಯ್ಕೆ ಇದ್ದರೆ ಹಳೆಯ ಹಂಚಿನ ಮನೆಯ ಕೋಣೆಯನ್ನೇ ಹಿಡಿಯಿರಿ. ಇಳಿಜಾರು ಮಾಡು ಇರುವಲ್ಲಿ ನೆಲ ಮತ್ತು ಮಾಡು ಎದುರುಬದುರಾಗಿ ಸಮನಾಗಿ ಇರುವುದಿಲ್ಲ. ಹಾಗಾಗಿ ಸದ್ದು ಎರಡರ ನಡುವೆ ಪುಟಿಯುವುದು ಕಡಿಮೆ. ಹಂಚಿನ ಸಂದಿಗಳಲ್ಲಿ ಬೇಸ್ ಸ್ವಲ್ಪ ಹೊರಗೆ ಸೋರಿಹೋಗುತ್ತದೆ. ಮರದ ಮುಚ್ಚಿಗೆ ಇದ್ದರೆ ಇನ್ನೂ ಒಳ್ಳೆಯದು. ತೆಳು ಹಲಗೆ, ಅದರ ಮೇಲೆ ಖಾಲಿ ಅಟ್ಟ: ಈ ಜೋಡಿ ತಾನೇ ನಡುಗಿ ಕೆಳಸ್ವರಗಳ ಶಕ್ತಿಯನ್ನು ಹೀರುತ್ತದೆ. ಹೊರಗಿನ ಸದ್ದು ಒಳಗೆ ಬರುತ್ತದೆ ಅನ್ನುವುದೊಂದೇ ಇದರ ಕೊರತೆ. ಜೋರು ಮಳೆಯಲ್ಲಿ ಹಂಚಿನ ಕೆಳಗೆ ಕೂತು ಮೆಲುದನಿಯ ಸಂಗೀತ ಕೇಳಲು ಆಗುವುದಿಲ್ಲ. ಟೆರೇಸಿನ ಮೇಲೆ ಶೀಟ್ ಹಾಕಿದ ಮನೆಯಲ್ಲಿ ಮೇಲಿನ ಮಾಳಿಗೆಯ ಕೋಣೆಗೂ ಇದೇ ತೊಂದರೆ. ಅಂಥ ಮನೆಯಲ್ಲಿ ಕೆಳಗಿನ ಕೋಣೆ ಲೇಸು.

ಬಿಡಲೇಬೇಕಾದ ಕೋಣೆ ಅಂದರೆ ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ್ದು. ನಮ್ಮ ಹೊಸ ಮನೆಗಳಲ್ಲಿ ಇಂಥ ಮಲಗುವ ಕೋಣೆಗಳು ಬೇಕಾದಷ್ಟಿವೆ. ಎದುರುಬದುರಾದ ಎರಡು ಗೋಡೆಗಳ ನಡುವೆ ಒಂದು ನಿರ್ದಿಷ್ಟ ಕೆಳಸ್ವರ ನಿಂತು ಮೊಳಗುತ್ತದೆ. ಅದನ್ನು ಲೆಕ್ಕ ಹಾಕುವುದು ಸುಲಭ. ನಮ್ಮ ಹವೆಯಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 346 ಮೀಟರ್. ಅದನ್ನು ಗೋಡೆಗಳ ಅಂತರದ ಎರಡು ಪಟ್ಟಿನಿಂದ ಭಾಗಿಸಿ. ಹತ್ತಡಿಗೆ ಸುಮಾರು 57 ಹರ್ಟ್ಸ್, ಅಂದರೆ ಸೆಕೆಂಡಿಗೆ 57 ಕಂಪನ, ಬರುತ್ತದೆ. ಮೂರೂ ಅಳತೆ ಒಂದೇ ಆದರೆ ಮೂರು ಕಡೆಯಿಂದಲೂ 57 ಹರ್ಟ್ಸ್ ಒಂದರ ಮೇಲೊಂದು ಬೀಳುತ್ತದೆ. ಆ ಒಂದು ಸ್ವರ ಎದೆಗೆ ಗುದ್ದುತ್ತದೆ, ಅಕ್ಕಪಕ್ಕದ ಸ್ವರಗಳು ಕೇಳುವುದೇ ಇಲ್ಲ.

ಇಲ್ಲಿಂದ ಮುಂದೆ ಲೆಕ್ಕಕ್ಕೆ 5 ಮೀಟರ್ ಉದ್ದ, 3.6 ಮೀಟರ್ ಅಗಲ, 3 ಮೀಟರ್ ಎತ್ತರದ ಕೋಣೆಯನ್ನು ಇಟ್ಟುಕೊಳ್ಳೋಣ. ಅದರ ಮೊದಲ ಮೂರು ಮೊಳಗುಗಳು ಸುಮಾರು 35, 48 ಮತ್ತು 58 ಹರ್ಟ್ಸ್. ಹರಡಿಕೊಂಡಿವೆ, ಅಷ್ಟು ಒಳ್ಳೆಯದು.

ಎಷ್ಟು ಹೀರಬೇಕು ಎಂಬ ಅಂದಾಜು

ಖಾಲಿ ಕೋಣೆಯ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ. ಕೊನೆಗೆ ಲೋಹ ಮಿಡಿದ ಹಾಗೆ ಸಣ್ಣದೊಂದು ನಾದ ಉಳಿದರೆ, ಸದ್ದು ಎರಡು ಬರಿ ಗೋಡೆಗಳ ನಡುವೆ ಓಡಾಡುತ್ತಿದೆ ಎಂದರ್ಥ.

ಈ ಉಳಿಯುವ ಸದ್ದನ್ನು ಮೊದಲು ಲೆಕ್ಕಕ್ಕೆ ತಂದವರು ಹಾರ್ವರ್ಡ್ ವಿಶ್ವವಿದ್ಯಾಲಯದ ವಾಲೇಸ್ ಸಬೀನ್. 1895ರಲ್ಲಿ ಅಲ್ಲಿನ ಒಂದು ಉಪನ್ಯಾಸದ ಹಾಲ್‌ನಲ್ಲಿ ಮಾತು ಅರ್ಥವಾಗುವುದಿಲ್ಲ ಎಂದಾಗ ಅದನ್ನು ಸರಿಮಾಡುವ ಕೆಲಸ ಅವರಿಗೆ ಬಂತು. ಪಕ್ಕದ ಇನ್ನೊಂದು ಸಭಾಂಗಣದ ಕುರ್ಚಿಗಳ ಮೆತ್ತೆಗಳನ್ನು ಹೊತ್ತು ತಂದು ಇಟ್ಟು, ಸದ್ದು ಎಷ್ಟು ಹೊತ್ತಿನಲ್ಲಿ ಆರುತ್ತದೆ ಎಂದು ಅಳೆದರು. ಹೀರುವ ಶಕ್ತಿಗೆ ಅವರು ಹಿಡಿದ ಮಾನವೇ ತೆರೆದ ಕಿಟಕಿ. ಹೊರಗೆ ಹೋದ ಸದ್ದು ವಾಪಸ್ ಬರುವುದಿಲ್ಲ, ಅಲ್ವಾ?

ಸೂತ್ರ ಇಷ್ಟೇ. ಕೋಣೆಯ ಗಾತ್ರವನ್ನು ಘನ ಮೀಟರಿನಲ್ಲಿ ತೆಗೆದುಕೊಂಡು 0.161ರಿಂದ ಗುಣಿಸಿ, ಹೀರುವ ವಿಸ್ತೀರ್ಣದಿಂದ ಭಾಗಿಸಿ. ಬಂದದ್ದು ಸದ್ದು ಪೂರ್ತಿ ಆರಲು ಹಿಡಿಯುವ ಸೆಕೆಂಡುಗಳು. ನಮ್ಮ ಕೋಣೆ 54 ಘನ ಮೀಟರ್. ಬರಿ ಸಾರಣೆ ಮತ್ತು ಟೈಲ್ಸ್ ಬಿದ್ದ ಸದ್ದಿನ ನೂರರಲ್ಲಿ ಎರಡು-ಮೂರು ಪಾಲು ಮಾತ್ರ ಹೀರುತ್ತವೆ. ಹಾಗಾಗಿ ಖಾಲಿ ಕೋಣೆಯಲ್ಲಿ ಸದ್ದು ಮೂರು ಸೆಕೆಂಡಿಗೂ ಜಾಸ್ತಿ ಹೊತ್ತು ಉಳಿಯುತ್ತದೆ. ಸಂಗೀತ ಕೇಳುವ ಸಣ್ಣ ಕೋಣೆಗೆ 0.3ರಿಂದ 0.5 ಸೆಕೆಂಡ್ ಹಿತ. 0.4ಕ್ಕೆ ಬರಬೇಕಾದರೆ ಸುಮಾರು 22 ಚದರ ಮೀಟರ್ ತೆರೆದ ಕಿಟಕಿಗೆ ಸಮನಾದ ಹೀರುವಿಕೆ ಬೇಕು. ಅಷ್ಟನ್ನೂ ಹಣ ಕೊಟ್ಟು ತರಬೇಕಾಗಿಲ್ಲ. ಕುಳಿತ ಒಬ್ಬ ಮನುಷ್ಯ ಸುಮಾರು ಅರ್ಧ ಚದರ ಮೀಟರ್ ಕೊಡುತ್ತಾನೆ. ಮೆತ್ತೆಯ ಸೋಫಾ, ಮಡಿಕೆ ಬಿದ್ದ ದಪ್ಪ ಪರದೆ, ಹತ್ತಿಯ ಹಾಸಿಗೆ, ನೆಲದ ಜಮಖಾನ ಎಲ್ಲ ಸೇರುತ್ತವೆ. ನೆರೆಹೊರೆ ದೂರ ಇರುವ ತೋಟದ ಮನೆಯಾದರೆ ಎರಡು ಕಿಟಕಿ ತೆರೆದಿಡಿ. ಅಷ್ಟು ಹೀರುವಿಕೆ ಪುಕ್ಕಟೆ ಸಿಗುತ್ತದೆ.

ಸ್ಪೀಕರ್ ನಿಲ್ಲಿಸುವುದು

ಇಲ್ಲಿ ಖರ್ಚಿಲ್ಲ, ತಾಳ್ಮೆ ಬೇಕು. ಒಂದು ಭಾನುವಾರ ಪೂರ್ತಿ ಇದಕ್ಕೇ ಇಡಿ.

ಸ್ಪೀಕರುಗಳನ್ನು ಅಗಲ ಕಡಿಮೆ ಇರುವ ಗೋಡೆಯ ಮುಂದೆ, ಕೋಣೆಯ ಉದ್ದಕ್ಕೆ ಮುಖ ಮಾಡಿ ನಿಲ್ಲಿಸಿ. ಎಡ ಮತ್ತು ಬಲ ಒಂದೇ ಥರ ಇರಬೇಕು. ಒಂದು ಬದಿ ಗೋಡೆ, ಇನ್ನೊಂದು ಬದಿ ತೆರೆದ ಚಾವಡಿ ಆದರೆ ಹಾಡುವವರ ದನಿ ಗೋಡೆಯ ಕಡೆಗೆ ವಾಲುತ್ತದೆ.

ಮೊದಲು ನಿಮ್ಮ ದನಿಯಲ್ಲೇ ಒಂದು ಪರೀಕ್ಷೆ ಮಾಡಿ. ವಿಲ್ಸನ್ ಆಡಿಯೊ ಕಂಪನಿಯವರು ತಮ್ಮ ಸ್ಪೀಕರ್ ಕೂರಿಸಲು ಬಳಸುವ ಕ್ರಮ ಇದು. ಮುಂದಿನ ಗೋಡೆಗೆ (ಸ್ಪೀಕರಿನ ಬೆನ್ನ ಕಡೆಯ ಗೋಡೆಗೆ) ಬೆನ್ನು ಒತ್ತಿ ನಿಂತು ಎದೆಯಿಂದ ದನಿ ತೆಗೆದು ಮಾತಾಡಿ. ಒಬ್ಬರು ಕೇಳುವ ಜಾಗದಲ್ಲಿ ಕೂತಿರಲಿ. ಮಾತಾಡುತ್ತಲೇ ಮೆಲ್ಲಗೆ ಮುಂದೆ ಬನ್ನಿ. ಗೋಡೆ ಹತ್ತಿರ ದನಿ ಉಬ್ಬಿರುತ್ತದೆ. ಒಂದು ಕಡೆ ಬಂದಾಗ ಗೋಡೆಯ ಹಿಡಿತ ಬಿಟ್ಟು ದನಿ ತಿಳಿಯಾಗುತ್ತದೆ. ಅಲ್ಲಿ ನೆಲಕ್ಕೆ ಟೇಪ್ ಅಂಟಿಸಿ. ಪಕ್ಕದ ಗೋಡೆಯಿಂದಲೂ ಹಾಗೇ ಮಾಡಿ. ಎರಡು ಟೇಪುಗಳು ಕೂಡುವಲ್ಲಿ ಸ್ಪೀಕರ್ ಇಟ್ಟು ಶುರುಮಾಡಿ.

ಈಗ ಲೆಕ್ಕ. ವೂಫರಿನಿಂದ (ಸ್ಪೀಕರಿನಲ್ಲಿ ಕೆಳಸ್ವರ ನುಡಿಸುವ ದೊಡ್ಡ ಭಾಗ) ಮುಂದಿನ ಗೋಡೆಗೆ ಹೋಗಿ ವಾಪಸ್ ಬಂದ ಸದ್ದು ಒಂದು ಸ್ವರವನ್ನು ಅಳಿಸುತ್ತದೆ. 346ನ್ನು ಆ ದೂರದ ನಾಲ್ಕು ಪಟ್ಟಿನಿಂದ ಭಾಗಿಸಿದರೆ ಯಾವುದೆಂದು ಗೊತ್ತಾಗುತ್ತದೆ. ಅರ್ಧ ಮೀಟರ್ ಆದರೆ 173 ಹರ್ಟ್ಸ್. ಒಂದು ಮೀಟರ್ ಆದರೆ 86. ಗಂಡು ದನಿಯ ತುಂಬುವಿಕೆ ಇರುವುದು 100ರಿಂದ 200 ಹರ್ಟ್ಸಿನಲ್ಲಿ. ಹಾಗಾಗಿ ಅರ್ಧ ಮೀಟರಿನಲ್ಲಿ ಇಟ್ಟರೆ ಭಾಗವತರ ದನಿಯೇ ಸೊರಗುತ್ತದೆ. ಒಂದು ಮೀಟರ್ ಮುಂದಕ್ಕೆ ತಂದರೆ ಆ ಗುಂಡಿ ದನಿಯ ಕೆಳಗೆ ಇಳಿಯುತ್ತದೆ. ಇನ್ನೊಂದು ಎಚ್ಚರ: ವೂಫರಿನಿಂದ ನೆಲಕ್ಕೆ, ಪಕ್ಕದ ಗೋಡೆಗೆ, ಮುಂದಿನ ಗೋಡೆಗೆ ಇರುವ ದೂರಗಳು ಒಂದೇ ಆಗಬಾರದು. ಮೂರೂ ಒಂದೇ ಆದರೆ ಮೂರು ಗುಂಡಿಗಳು ಒಂದೇ ಕಡೆ ಬೀಳುತ್ತವೆ.

ನಮ್ಮ ಲೆಕ್ಕದ ಕೋಣೆಯಲ್ಲಿ ಸ್ಪೀಕರಿನ ನಡುಭಾಗ ಪಕ್ಕದ ಗೋಡೆಯಿಂದ ಸುಮಾರು 75 ಸೆಂಟಿಮೀಟರ್, ಸ್ಪೀಕರಿನ ಮುಖ ಮುಂದಿನ ಗೋಡೆಯಿಂದ ಒಂದು ಮೀಟರ್ ಚಿಲ್ಲರೆ ಇರಲಿ. ಎರಡು ಸ್ಪೀಕರುಗಳ ನಡುವೆ 2.1 ಮೀಟರ್ ಸಿಗುತ್ತದೆ. ಕುರ್ಚಿಯೂ ಎರಡರಿಂದ ಅಷ್ಟೇ ದೂರ ಇದ್ದರೆ ಸಮಬಾಹು ತ್ರಿಕೋನ ಆಗುತ್ತದೆ. ಆಗ ಕಿವಿ ಮುಂದಿನ ಗೋಡೆಯಿಂದ ಸುಮಾರು 3 ಮೀಟರಿನಲ್ಲಿ ಇರುತ್ತದೆ. ಅಂದರೆ ಕುರ್ಚಿಯ ಹಿಂದಿನ ಗೋಡೆಯಿಂದ 2 ಮೀಟರ್. ಕೋಣೆಯ ಉದ್ದದ ನೂರರಲ್ಲಿ 38 ಪಾಲಿನ ಹತ್ತಿರ ಕೂರಬೇಕು ಎಂಬ ಹಳೆಯ ಲೆಕ್ಕಕ್ಕೂ ಇದು ಸರಿಹೋಗುತ್ತದೆ. ಕೋಣೆಯ ಸರೀ ನಡುವೆ ಕುರ್ಚಿ ಹಾಕಬೇಡಿ. ಮೊದಲ ಮೊಳಗು ಅಲ್ಲಿ ಪೂರ್ತಿ ಸತ್ತಿರುತ್ತದೆ. ಹಿಂದಿನ ಗೋಡೆಗೆ ತಲೆ ತಾಗಿಸಿ ಕೂರುವುದೂ ಬೇಡ, ಅಲ್ಲಿ ಬೇಸ್ ಉಬ್ಬಿರುತ್ತದೆ.

ಟ್ವೀಟರ್ (ಮೇಲುಸ್ವರ ನುಡಿಸುವ ಸಣ್ಣ ಭಾಗ) ಕಿವಿಯ ಎತ್ತರಕ್ಕೆ ಬರಲಿ. ಸಾಮಾನ್ಯ ಕುರ್ಚಿಯಲ್ಲಿ ಅದು ನೆಲದಿಂದ 90-95 ಸೆಂಟಿಮೀಟರ್. ಸ್ಪೀಕರುಗಳನ್ನು ಮೊದಲು ನೇರ ಇಟ್ಟು, ಆಮೇಲೆ ಸ್ವಲ್ಪ ಸ್ವಲ್ಪ ಒಳಗೆ ತಿರುಗಿಸಿ. ತಿರುಗಿಸಿದಷ್ಟೂ ನಡುವಿನ ದನಿ ಗಟ್ಟಿಯಾಗುತ್ತದೆ, ಅಗಲ ಕಡಿಮೆಯಾಗುತ್ತದೆ.

ಇದಕ್ಕೆ ನಮ್ಮ ಹತ್ತಿರ ಇರುವ ಅತ್ಯುತ್ತಮ ಪರೀಕ್ಷೆ ತಾಳಮದ್ದಳೆ. ಮೋನೊ ಧ್ವನಿಮುದ್ರಣ ಒಂದನ್ನು ಹಾಕಿ, ಅರ್ಥ ಹೇಳುವವರ ಮಾತು ಕೇಳಿ. ಎರಡು ಸ್ಪೀಕರುಗಳ ಸರೀ ನಡುವೆ ಒಬ್ಬ ಮನುಷ್ಯ ಕೂತು ಮಾತಾಡಿದ ಹಾಗೆ ಇರಬೇಕು. ಮಾತು ಗೋಡೆಯಿಂದ ಗೋಡೆಗೆ ಹರಡಿಕೊಂಡಿದ್ದರೆ, ನಡುವೆ ಟೊಳ್ಳು ಅನಿಸಿದರೆ, ಒಂದು ಸ್ಪೀಕರಿನ ಪ್ಲಸ್-ಮೈನಸ್ ತಿರುಗಿದೆಯೋ ನೋಡಿ. ಇದು ತುಂಬಾ ಕಡೆ ಆಗುತ್ತದೆ. ಆಮೇಲೆ ಚೆಂಡೆ-ಮದ್ದಳೆ ಇರುವ ಒಳ್ಳೆಯ ಸ್ಟೀರಿಯೊ ಮುದ್ರಣ ಹಾಕಿ. ಚೆಂಡೆಯ ಉರುಳಿಕೆಯಲ್ಲಿ ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ ಕೇಳಬೇಕು. ನಮ್ಮ ಕಿವಿಗೆ ನಿಜವಾದ ಚೆಂಡೆ ಗೊತ್ತು. ದೇವಸ್ಥಾನದ ಅಂಗಳದಲ್ಲಿ, ಮೈಕಿನಿಂದ ದೂರ ನಿಂತು ಕೇಳಿದವರು ನಾವು. ಬೇರೆ ಊರಿನವರ ಪಟ್ಟಿಯಲ್ಲಿರುವ ಪರೀಕ್ಷಾ ಸಂಗೀತಕ್ಕಿಂತ ಇದು ನಮಗೆ ಎಷ್ಟೋ ನಂಬಿಕೆಯ ಒರೆಗಲ್ಲು.

ಅಳತೆ

ಕಿವಿ ಹೇಳಿದ್ದನ್ನು ಮೈಕ್ ಒಪ್ಪುತ್ತದೆಯೇ ನೋಡಬೇಕು. ಕೋಣೆಯ ಸದ್ದನ್ನು ಅಳೆಯುವ ರೂಮ್ ಇಕ್ಯೂ ವಿಝಾರ್ಡ್ ಎಂಬ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಮಿನಿಡಿಎಸ್‌ಪಿ ಕಂಪನಿಯ ಯುಮಿಕ್-1ರಂಥ ಯುಎಸ್‌ಬಿ ಮೈಕ್ ಬೇಕು. ಅದರ ಸೀರಿಯಲ್ ನಂಬರಿಗೆ ಹೊಂದುವ ತಿದ್ದುಪಡಿ ಫೈಲ್ ಕಂಪನಿಯಿಂದಲೇ ಸಿಗುತ್ತದೆ. ಫೋನಿನ ಮೈಕಿನಿಂದ ಬೇಸ್ ಅಳೆಯಬೇಡಿ, ಅದು ಕೆಳಸ್ವರವನ್ನು ಸರಿಯಾಗಿ ಹಿಡಿಯುವುದಿಲ್ಲ.

ಮೈಕ್ ಕಿವಿ ಇರುವ ಜಾಗದಲ್ಲಿ ನಿಲ್ಲಲಿ. ಕುರ್ಚಿಯ ಬೆನ್ನು ಅಡ್ಡ ಬರುತ್ತಿದ್ದರೆ ಕುರ್ಚಿ ತೆಗೆಯಿರಿ. ಫ್ಯಾನ್, ಫ್ರಿಜ್, ತೋಟದ ಪಂಪ್ ಬಂದ್ ಮಾಡಿ. ಕುರ್ಚಿಯ ಹತ್ತಿರ 75 ಡೆಸಿಬೆಲ್ ಆಸುಪಾಸು ಬರುವಷ್ಟು ವಾಲ್ಯೂಮ್ ಇಟ್ಟು, 20ರಿಂದ 20,000 ಹರ್ಟ್ಸ್ ವರೆಗೆ ಎಡ, ಬಲ, ಎರಡೂ ಸೇರಿ, ಹೀಗೆ ಬೇರೆಬೇರೆ ಅಳೆಯಿರಿ.

ನಮ್ಮ ಗಾತ್ರದ ಕೋಣೆಯಲ್ಲಿ ಸುಮಾರು 200 ಹರ್ಟ್ಸಿನ ಕೆಳಗೆ ನಡೆಯುವುದೆಲ್ಲ ಕೋಣೆಯ ಆಟ, ಅದರ ಮೇಲೆ ಸ್ಪೀಕರಿನದ್ದು ಮತ್ತು ಗೋಡೆಗೆ ತಾಗಿ ಬರುವ ಸದ್ದಿನದ್ದು. ಕೆಳಗಿನ ಭಾಗದಲ್ಲಿ 10-15 ಡೆಸಿಬೆಲ್ ಏರಿಳಿತ ಕಂಡರೆ ಗಾಬರಿ ಬೇಡ, ಎಲ್ಲ ಕೋಣೆಗಳೂ ಹೀಗೇ. ಗೆರೆಯ ಏರಿಳಿತಕ್ಕಿಂತ ಯಾವ ಸ್ವರ ಎಷ್ಟು ಹೊತ್ತು ಉಳಿಯುತ್ತದೆ ಎಂದು ತೋರಿಸುವ ವಾಟರ್‌ಫಾಲ್ ಚಿತ್ರ ಹೆಚ್ಚು ಮುಖ್ಯ. 48 ಹರ್ಟ್ಸ್ ಅರ್ಧ ಸೆಕೆಂಡ್ ದಾಟಿಯೂ ಉಳಿದಿದ್ದರೆ ಮದ್ದಳೆಯ ಮುಂದಿನ ಪೆಟ್ಟು ಅದರ ಅಡಿಯಲ್ಲಿ ಹೂತುಹೋಗುತ್ತದೆ.

ಸ್ಪೀಕರನ್ನು ಐದೈದು ಸೆಂಟಿಮೀಟರ್ ಸರಿಸಿ ಮತ್ತೆ ಅಳೆಯಿರಿ. ಕುರ್ಚಿಯನ್ನೂ ಸರಿಸಿ. ಇಲ್ಲಿ ಸಿಗುವಷ್ಟು ಸುಧಾರಣೆ ಬೇರೆ ಯಾವ ಹಂತದಲ್ಲೂ ಸಿಗುವುದಿಲ್ಲ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ಬೇಸ್ ಹಿಡಿಯುವ ಮೂಲೆಗಳು

ಕೋಣೆಯ ಎಲ್ಲ ಮೊಳಗುಗಳೂ ಮೂಲೆಯಲ್ಲಿ ಒತ್ತಡ ಹಾಕುತ್ತವೆ. ಅದಕ್ಕೇ ಕೆಳಸ್ವರ ಹೀರುವ ಬೇಸ್ ಟ್ರ್ಯಾಪ್‌ಗೆ ಮೂಲೆಯೇ ಜಾಗ. ಇದನ್ನು ಊರಲ್ಲೇ ಮಾಡಿಸಬಹುದು. ಎಸಿ ಡಕ್ಟ್ ಕೆಲಸದವರಿಗೆ ಸಾಮಾನು ಕೊಡುವ ಅಂಗಡಿಗಳಲ್ಲಿ ರಾಕ್‌ವೂಲ್ (ಕಲ್ಲಿನ ಎಳೆಗಳಿಂದ ಮಾಡಿದ ಉಣ್ಣೆಯಂಥ ಹಾಸು) ಸ್ಲ್ಯಾಬ್ ಸಿಗುತ್ತದೆ. ಘನ ಮೀಟರಿಗೆ 48 ಕಿಲೊ ತೂಕದ್ದು ಕೇಳಿ. ಹೆಚ್ಚು ದಪ್ಪ ತುಂಬುವುದಾದರೆ ಇದೇ ಸಾಕು, ಜಾಸ್ತಿ ಗಟ್ಟಿಯದ್ದು ಬೇಡ. ಸ್ಲ್ಯಾಬನ್ನು ತ್ರಿಕೋನವಾಗಿ ಕತ್ತರಿಸಿ ಮೂಲೆಯಲ್ಲಿ ನೆಲದಿಂದ ಮಾಡಿನ ತನಕ ಒಂದರ ಮೇಲೊಂದು ಪೇರಿಸಿ. ಮುಖದ ಅಗಲ 60 ಸೆಂಟಿಮೀಟರ್ ಆದರೂ ಇರಲಿ. ಕತ್ತರಿಸುವಾಗ ಮಾಸ್ಕ್, ಗ್ಲೌಸ್, ಉದ್ದ ತೋಳಿನ ಅಂಗಿ ಹಾಕಲೇಬೇಕು.

ನಮ್ಮ ಮಳೆಗಾಲಕ್ಕೆ ತಕ್ಕ ಒಂದು ಉಪಾಯ ಇದೆ. ಮೂಲೆಯ ರಾಕ್‌ವೂಲ್‌ಗೆ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ, ಆಮೇಲೆ ಬಟ್ಟೆ ಹೊದಿಸಿ. ಬೇಸ್ ಆ ಹಾಳೆಯನ್ನು ದಾಟಿ ಒಳಗೆ ಹೋಗುತ್ತದೆ. ಮೇಲುಸ್ವರ ಹಾಳೆಗೆ ತಾಗಿ ಕೋಣೆಗೇ ವಾಪಸಾಗುತ್ತದೆ. ಥಂಡಿಯೂ ಒಳಗೆ ಇಳಿಯುವುದಿಲ್ಲ. ಮುಖಕ್ಕೆ ಅಡಿಕೆ ಮರದ ಸಲಾಕೆಗಳನ್ನು ಎರಡು-ಮೂರು ಸೆಂಟಿಮೀಟರ್ ಸಂದಿ ಬಿಟ್ಟು ನಿಲ್ಲಿಸಿದರೆ ನೋಡಲೂ ಚೆನ್ನ. ಸಲಾಕೆಗೆ ಒರಲೆ ಹಿಡಿಯದ ಹಾಗೆ ಮದ್ದು ಹೊಡೆಸಿ, ಬುಡ ನೆಲಕ್ಕೆ ತಾಗಿಸಬೇಡಿ.

ಗೋಡೆ, ಮಾಡು, ನೆಲ

ಸ್ಪೀಕರಿನಿಂದ ಹೊರಟು ಪಕ್ಕದ ಗೋಡೆಗೆ ಒಮ್ಮೆ ತಾಗಿ ಕಿವಿಗೆ ಬರುವ ಸದ್ದನ್ನು ಮೊದಲು ಹಿಡಿಯಬೇಕು. ನೀವು ಕುರ್ಚಿಯಲ್ಲಿ ಕೂರಿ. ಮನೆಯವರೊಬ್ಬರು ಕನ್ನಡಿಯನ್ನು ಗೋಡೆಗೆ ಒತ್ತಿ ಟ್ವೀಟರಿನ ಎತ್ತರದಲ್ಲಿ ಸರಿಸುತ್ತಾ ಹೋಗಲಿ. ಕನ್ನಡಿಯಲ್ಲಿ ಸ್ಪೀಕರ್ ಕಂಡಲ್ಲಿ ಗುರುತು ಹಾಕಿ. ಎಡ ಗೋಡೆಯಲ್ಲಿ ಎರಡು, ಬಲದಲ್ಲಿ ಎರಡು ಗುರುತು ಸಿಗುತ್ತವೆ. ಮಾಡಿನಲ್ಲೂ ಇದೇ ರೀತಿ ಹುಡುಕಿ.

ಅಲ್ಲಿ 10 ಸೆಂಟಿಮೀಟರ್ ದಪ್ಪದ ರಾಕ್‌ವೂಲ್ ಪ್ಯಾನೆಲ್ ಹಾಕಿ. 5 ಸೆಂಟಿಮೀಟರಿನ ಎರಡು ಸ್ಲ್ಯಾಬ್ ಸೇರಿಸಿದರೆ ಆಯಿತು. ಮರದ ಚೌಕಟ್ಟು ಬಡಗಿಯಿಂದ ಮಾಡಿಸಿ. ರಬ್ಬರ್ ಮರ ಆದರೆ ಮದ್ದು ಹಾಕಿದ್ದೇ ಬೇಕು, ಇಲ್ಲದಿದ್ದರೆ ಹುಳ ಹಿಡಿಯುತ್ತದೆ. ಪ್ಯಾನೆಲನ್ನು ಗೋಡೆಗೆ ಅಂಟಿಸದೆ 5ರಿಂದ 10 ಸೆಂಟಿಮೀಟರ್ ಅಂತರ ಬಿಟ್ಟು ನೇತುಹಾಕಿ. ಇದರಿಂದ ಎರಡು ಲಾಭ. ಗೋಡೆಯಿಂದ ದೂರ ಹೋದಷ್ಟೂ ಗಾಳಿಯ ಅಲುಗಾಟ ಜಾಸ್ತಿ, ಹಾಗಾಗಿ ಇನ್ನಷ್ಟು ಕೆಳಗಿನ ಸ್ವರಗಳೂ ಹೀರಲ್ಪಡುತ್ತವೆ. ಆಷಾಢದಲ್ಲಿ ಹೊರಗೋಡೆ ಒದ್ದೆಯಾದಾಗ ಹಿಂದೆ ಗಾಳಿ ಆಡಿ ಬೂಷ್ಟು ಕಟ್ಟುವುದೂ ಇಲ್ಲ. ಇಲ್ಲಿ ಪ್ಲಾಸ್ಟಿಕ್ ಹಾಳೆ ಬೇಡ. ಬಟ್ಟೆ ಬಾಯಿಯಿಂದ ಊದಿದರೆ ಗಾಳಿ ದಾಟುವಂಥದ್ದಾಗಿರಲಿ. ಕೈಮಗ್ಗದ ತೆಳು ಹತ್ತಿ ಬಟ್ಟೆ ಚೆನ್ನಾಗಿ ಹೊಂದುತ್ತದೆ. ರಾಕ್‌ವೂಲಿನ ಎಳೆ ಹೊರಗೆ ಬರದ ಹಾಗೆ ಒಳಗಡೆ ತೆಳುವಾದ ನಾನ್‌ವೋವನ್ ಬಟ್ಟೆ ಸುತ್ತಿ.

ರಾಕ್‌ವೂಲ್ ಬೇಡ ಅನ್ನುವವರಿಗೆ ಹಾಸಿಗೆಗೆ ಬಳಸುವ ರಬ್ಬರ್ ಸೇರಿದ ತೆಂಗಿನ ನಾರಿನ ದಪ್ಪ ಹಾಸು ಇದೆ. ಅದು ನಡುಸ್ವರ ಮತ್ತು ಮೇಲುಸ್ವರಕ್ಕೆ ಕೆಲಸ ಮಾಡುತ್ತದೆ, ಬೇಸ್‌ಗೆ ಸಾಲದು. ಮೊಟ್ಟೆಯ ಟ್ರೇ ಅಂಟಿಸುವುದು ಸುಮ್ನೆ ಧೂಳಿಗೆ ದಾರಿ. ಒಂದಿಂಚಿನ ಸ್ಪಂಜನ್ನು ಗೋಡೆ ತುಂಬಾ ಅಂಟಿಸುವುದು ಅದಕ್ಕಿಂತ ಕೆಟ್ಟದ್ದು. ಮೇಲುಸ್ವರವನ್ನು ಮಾತ್ರ ತಿಂದು, ಬೇಸನ್ನು ಇದ್ದ ಹಾಗೆ ಬಿಡುತ್ತದೆ. ಕೋಣೆ ಮಂಕಾಗಿ ಗುಂಯ್‌ಗುಡುತ್ತದೆ.

ಹಿಂದಿನ ಗೋಡೆಗೆ ಪುಸ್ತಕದ ತೆರೆದ ಕಪಾಟು ಇಡಿ. ಬೇರೆಬೇರೆ ಗಾತ್ರದ ಪುಸ್ತಕಗಳು ಸದ್ದನ್ನು ಸ್ವಲ್ಪ ಚದುರಿಸಿ, ಸ್ವಲ್ಪ ಹೀರುತ್ತವೆ. ಸ್ಪೀಕರ್ ಮತ್ತು ಕುರ್ಚಿಯ ನಡುವೆ ನೆಲಕ್ಕೆ ದಪ್ಪ ಜಮಖಾನ ಹಾಸಿ, ಗಾಜಿನ ಟೀಪಾಯಿ ತೆಗೆದುಬಿಡಿ. ಪ್ರತಿ ಪ್ಯಾನೆಲ್ ಹಾಕಿದ ಮೇಲೂ ಅದೇ ಚೆಂಡೆ, ಅದೇ ಮಾತು ಕೇಳಿ. ಚೆಂಡೆಯ ಪೆಟ್ಟಿನ ಹಿಂದೆ ಬರುವ ಬಯಲಿನ ಗಾಳಿ ಹೋಗಿ ಒಣ ಟಕಟಕ ಉಳಿದರೆ ಹೀರುವುದು ಜಾಸ್ತಿಯಾಯಿತು. ಒಂದು ಪ್ಯಾನೆಲ್ ಇಳಿಸಿ.

ಇಕ್ವಲೈಜರ್ ಕೊನೆಗೆ

ಇಷ್ಟೆಲ್ಲ ಆದ ಮೇಲೂ 200 ಹರ್ಟ್ಸಿನ ಕೆಳಗೆ ಒಂದೆರಡು ದಿಬ್ಬ ಉಳಿಯುತ್ತವೆ. ಅವನ್ನು ಇಕ್ವಲೈಜರಿನಲ್ಲಿ (ಬೇರೆಬೇರೆ ಸ್ವರಗಳನ್ನು ಏರಿಸಿ ಇಳಿಸುವ ಸಾಧನ) ತಗ್ಗಿಸಬಹುದು. ಗುಂಡಿಗಳನ್ನು ತುಂಬಲು ಹೋಗಬೇಡಿ. 6 ಡೆಸಿಬೆಲ್ ಏರಿಸಲು ಆಂಪ್ಲಿಫೈಯರ್ ನಾಲ್ಕು ಪಟ್ಟು ಶಕ್ತಿ ಕೊಡಬೇಕು, ಅಷ್ಟು ಕೊಟ್ಟರೂ ಗೋಡೆಯಿಂದ ಬಂದ ಸದ್ದು ಅದನ್ನು ಮತ್ತೆ ಅಳಿಸುತ್ತದೆ.

ವಯರಿನ ಬಗ್ಗೆ ಎರಡು ಮಾತು ಸಾಕು. 2.5 ಚದರ ಮಿಲಿಮೀಟರಿನ ಒಳ್ಳೆಯ ತಾಮ್ರದ ವಯರು ಐದು ಮೀಟರ್ ಎಳೆದರೆ, ಹೋಗಿ ಬರುವ ಎರಡೂ ಎಳೆ ಸೇರಿ 0.07 ಓಮ್ ಮಾತ್ರ. 8 ಓಮ್ ಸ್ಪೀಕರಿಗೆ ಅದು ಏನೂ ಅಲ್ಲ.

ಸಿಡಿಲು, ಉಪ್ಪುಗಾಳಿ, ಥಂಡಿ

ಏಪ್ರಿಲ್-ಮೇ ತಿಂಗಳ ಸಂಜೆ ಮಳೆ, ಮತ್ತೆ ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಗುಡುಗು ಮಳೆ: ಈ ಎರಡು ಹೊತ್ತಿನಲ್ಲಿ ನಮ್ಮಲ್ಲಿ ಸಿಡಿಲು ಜೋರು. ಮೋಡ ಕಟ್ಟಿದ ತಕ್ಷಣ ಆಂಪ್ಲಿಫೈಯರಿನ ಪ್ಲಗ್ ಎಳೆದಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಡಿಶ್ ಕೇಬಲ್, ಮೋಡೆಮ್‌ನಿಂದ ಬರುವ ವಯರನ್ನೂ ತೆಗೆಯಿರಿ, ಸಿಡಿಲು ಆ ದಾರಿಯಲ್ಲೂ ಬರುತ್ತದೆ. ಬೇಸಿಗೆಯಲ್ಲಿ ಕೆಂಪುಕಲ್ಲಿನ ಗುಡ್ಡೆಯ ನೆಲ ಒಣಗಿದಾಗ ಅರ್ಥಿಂಗ್ ದುರ್ಬಲವಾಗುತ್ತದೆ. ಎಲೆಕ್ಟ್ರಿಷಿಯನ್ ಹತ್ತಿರ ಆಗಲೇ ಅಳೆಸಿ, 5 ಓಮಿಗಿಂತ ಕಡಿಮೆ ಬಂದರೆ ಒಳ್ಳೆಯದು. ಸ್ಪೀಕರಿನಲ್ಲಿ ಗುಂಯ್ ಎಂಬ ಸದ್ದು ಬಂದರೆ ಎಲ್ಲ ಉಪಕರಣಗಳನ್ನೂ ಒಂದೇ ಬೋರ್ಡಿಗೆ ಹಾಕಿ ನೋಡಿ. ಸದ್ದು ಹೋಗಲಿ ಎಂದು ಅರ್ಥ್ ಪಿನ್ ಕತ್ತರಿಸುವ ಕೆಲಸ ಮಾತ್ರ ಯಾರೂ ಮಾಡಬಾರದು. ಅದು ಜೀವಕ್ಕೆ ಅಪಾಯ.

ಕುಂಬಳೆ, ಮಂಜೇಶ್ವರದಂಥ ಕಡಲ ಬದಿಯಲ್ಲಿ ಉಪ್ಪುಗಾಳಿಗೆ ವಯರಿನ ತುದಿ ಹಸಿರಾಗುತ್ತದೆ. ಚಿನ್ನದ ಲೇಪದ ಪ್ಲಗ್ ಹಾಕಿ, ಆಗಾಗ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ. ಸ್ಪೀಕರ್ ಕೊಳ್ಳುವಾಗಲೇ ವೂಫರಿನ ಅಂಚು ನೋಡಿ. ಸ್ಪಂಜಿನ ಅಂಚು ನಮ್ಮ ಥಂಡಿಗೆ ಪುಡಿಯಾಗುತ್ತದೆ, ರಬ್ಬರಿನದು ಬಾಳುತ್ತದೆ. ಹಳೆಯ ಸ್ಪೀಕರ್ ಕೊಳ್ಳುವವರು ಮುಂದಿನ ಜಾಲರಿ ತೆಗೆದು ಬೆರಳಿನಿಂದ ಮೆತ್ತಗೆ ಮುಟ್ಟಿ ನೋಡಲೇಬೇಕು.

ಜೂನ್‌ನಿಂದ ಸೆಪ್ಟೆಂಬರ್ ತನಕ ಕೋಣೆಯಲ್ಲಿ ತೇವಾಂಶ ಅಳೆಯುವ ಒಂದು ಹೈಗ್ರೋಮೀಟರ್ ಇರಲಿ. ತೇವಾಂಶ ನೂರಕ್ಕೆ 60ರ ಹತ್ತಿರ ಇಳಿಯುವಂತೆ ಎಸಿಯ ಡ್ರೈ ಮೋಡ್ ಅಥವಾ ಡಿಹ್ಯೂಮಿಡಿಫೈಯರ್ ದಿನಾ ಸ್ವಲ್ಪ ಹೊತ್ತು ಓಡಿಸಿ. ಸ್ಪೀಕರನ್ನು ವಾರಗಟ್ಟಲೆ ಸುಮ್ಮನೆ ಬಿಡಬೇಡಿ, ಪ್ಲಾಸ್ಟಿಕ್ ಹೊದಿಕೆ ಹಾಕಿ ಮುಚ್ಚಲೂಬೇಡಿ. ಮಳೆ ಹಿಡಿದ ಮೇಲೆ ತಿಂಗಳಿಗೊಮ್ಮೆ ಪ್ಯಾನೆಲುಗಳನ್ನು ಇಳಿಸಿ ಹಿಂಬದಿ ನೋಡಿ. ಕಪ್ಪು ಚುಕ್ಕೆ ಕಂಡರೆ ಆ ಬಟ್ಟೆ ಬದಲಿಸಿ, ಗೋಡೆಯ ಅಂತರ ಇನ್ನೂ ಐದು ಸೆಂಟಿಮೀಟರ್ ಜಾಸ್ತಿ ಮಾಡಿ ವಾಪಸ್ ತೂಗುಹಾಕಿ.